ಮೂರನೇ ರೈಡಿಗೆ ಎಷ್ಟು ಬೆಲೆ?

ಮಾಗಡಿ ರಸ್ತೆಯಿಂದ ಒಳಗೆ, ಬ್ಯಾಡರಹಳ್ಳಿಯ ಖಾಲಿ ಸೈಟೊಂದರಲ್ಲಿ ಹೊನಲು ಬೆಳಕಿನ ಕಬಡ್ಡಿ. ಮ್ಯಾಟು ಬಾಡಿಗೆಯದು. ಬಲ ಮೂಲೆಯಲ್ಲಿ ಎರಡು ತುಂಡುಗಳ ನಡುವೆ ಬೆರಳು ತೂರುವಷ್ಟು ಸಂದು. ಮೈಕಿನವನ ಗಂಟಲು ಎಂಟು ಗಂಟೆಗೇ ಕೂತುಹೋಗಿತ್ತು. ಒಂದು ತಂಡದ ರೈಡರ್ ಹನ್ನೊಂದು ಪಾಯಿಂಟ್ ತಂದ, ಅವನಿಗೇ ಬೆಸ್ಟ್ ರೈಡರ್ ಕಪ್ಪು ಸಿಕ್ಕಿತು. ಎದುರಾಳಿ ತಂಡದಲ್ಲಿದ್ದ ಸಣಕಲು ಹುಡುಗ ತಂದದ್ದು ನಾಲ್ಕು. ಅವನನ್ನು ಯಾರೂ ಮಾತಾಡಿಸಲಿಲ್ಲ.

ಪಕ್ಕದ ಕುರ್ಚಿಯಲ್ಲಿದ್ದ ಹಿರಿಯರು ಒಂದು ಕಾಲಕ್ಕೆ ಕಾರ್ಖಾನೆ ತಂಡಕ್ಕೆ ಕಾರ್ನರ್ ಆಡಿದವರು. ಎಡಗೈಯ ಕಿರುಬೆರಳು ಇನ್ನೂ ಸೊಟ್ಟಗಿದೆ. "ಸಾರ್, ಆ ಹುಡ್ಗನ ಕೈ ನೋಡ್ಬೇಡಿ, ಕಾಲು ನೋಡಿ" ಅಂದರು. ನೋಡಿದೆ. ಒಂದೆರಡು ರೈಡಾದ ಮೇಲೆ ಅವನು ಆ ಸಂದಿನ ಮೇಲೆ ಹೆಜ್ಜೆ ಇಡುವುದನ್ನೇ ಬಿಟ್ಟಿದ್ದ. ಆ ಕಡೆಯ ಕಾರ್ನರ್‌ನವನು ಮಾತ್ರ ಮುನ್ನುಗ್ಗುವಾಗಲೆಲ್ಲ ಅಲ್ಲೇ ಎಡವುತ್ತಿದ್ದ. ಸಣಕಲು ಹುಡುಗನ ನಾಲ್ಕರಲ್ಲಿ ಎರಡು ಪಾಯಿಂಟು ಆ ಎಡವಿನಿಂದ ಬಂದವು. ಇನ್ನೆರಡು, ಪಾಯಿಂಟ್ ತರದಿದ್ದರೆ ಔಟಾಗುವ ಡು ಆರ್ ಡೈ ರೈಡಿನಲ್ಲಿ, ಎದುರಿಗೆ ಏಳೂ ಜನ ನಿಂತಿದ್ದಾಗ. ಕಪ್ಪು ಗೆದ್ದವನ ಹನ್ನೊಂದರಲ್ಲಿ ಅರ್ಧಕ್ಕಿಂತ ಹೆಚ್ಚು ಎದುರಿಗೆ ಮೂರೋ ಎರಡೋ ಜನ ಉಳಿದಿದ್ದಾಗ ಬಂದದ್ದು.

ಈ ಲೆಕ್ಕ ಬ್ಯಾಡರಹಳ್ಳಿಯಲ್ಲಿ ತಪ್ಪಿದರೆ ಹೋಗುವುದು ಒಂದು ಹಿತ್ತಾಳೆ ಕಪ್ಪು, ಅಷ್ಟೆ. ಪ್ರೊ ಕಬಡ್ಡಿ ಲೀಗಿನ ಹರಾಜಿನಲ್ಲಿ ತಪ್ಪಿದರೆ ಕೋಟಿ ಹೋಗುತ್ತದೆ. ಅಲ್ಲೂ ತಪ್ಪುತ್ತಲೇ ಇದೆ ಎಂಬುದು ನನ್ನ ದೂರು.

ಮೊದಲ ಹರಾಜು ನಡೆದ 2014ರಲ್ಲಿ ಅತಿ ಹೆಚ್ಚು ಬೆಲೆ ಬಂದದ್ದು ರಾಕೇಶ್ ಕುಮಾರ್‌ಗೆ, 12.8 ಲಕ್ಷ. ಆಗ ಅದನ್ನೇ ಬಾಯಿ ಬಿಟ್ಟು ನೋಡಿದ್ದೆವು. 2023ರಲ್ಲಿ ಪವನ್ ಸೆಹ್ರಾವತ್‌ಗೆ ತೆಲುಗು ಟೈಟನ್ಸ್ ಕೊಟ್ಟದ್ದು 2.605 ಕೋಟಿ. ದುಡ್ಡು ಬೆಳೆದದ್ದಕ್ಕೆ ನನ್ನ ತಕರಾರಿಲ್ಲ, ಆಟಗಾರನ ಮನೆಗೆ ಹೋಗುವ ಹಣ ಎಷ್ಟಿದ್ದರೂ ಒಳ್ಳೆಯದೇ. ಆದರೆ ದುಡ್ಡಿನ ಜೊತೆ ಅಳತೆಗೋಲು ಬೆಳೆಯಲಿಲ್ಲ. ಹೋದ ಸೀಸನ್ನಿನಲ್ಲಿ ಒಟ್ಟು ರೈಡ್ ಪಾಯಿಂಟ್ ಎಷ್ಟು ಎಂಬುದನ್ನೇ ಟಿ.ವಿ. ಪರದೆಯ ಮೇಲೆ ದೊಡ್ಡಕ್ಷರದಲ್ಲಿ ತೋರಿಸುತ್ತಾರೆ. ಕೂಗು ಏರುವುದೂ ಅದರ ಮೇಲೆಯೇ.

ಒಟ್ಟು ಪಾಯಿಂಟ್ ಎಂಬುದು ರೈಡರ್ ಒಬ್ಬನ ಸಂಪಾದನೆಯಲ್ಲ. ಅವನು ಔಟಾಗಿ ಹೊರಗೆ ಕೂತಾಗ ಎಷ್ಟೋ ಸಲ ಅವನನ್ನು ಒಳಗೆ ತರುವುದು ಡಿಫೆಂಡರ್‌ಗಳು ಹಿಡಿದ ಕ್ಯಾಚು. ಡಿಫೆನ್ಸ್ ಚೆನ್ನಾಗಿರುವ ತಂಡದ ರೈಡರ್‌ಗೆ ಪಂದ್ಯಕ್ಕೆ ಇಪ್ಪತ್ತು ರೈಡು ಸಿಕ್ಕರೆ, ಸೊರಗಿದ ತಂಡದವನಿಗೆ ಹತ್ತೂ ಸಿಗುವುದು ಕಷ್ಟ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟರೆ ತೂಗಿದ್ದು ರೈಡರನ್ನೋ, ಅವನ ಹಿಂದಿನ ಕಾರ್ನರ್‌ಗಳನ್ನೋ?

ಪವನ್‌ನ ಕಥೆಯನ್ನೇ ತೆಗೆದುಕೊಳ್ಳಿ. 2017ರಲ್ಲಿ ಅವನಿದ್ದದ್ದು ಗುಜರಾತ್ ತಂಡದಲ್ಲಿ. ನಾಯಕ ನಮ್ಮ ಕರಾವಳಿಯ ಸುಕೇಶ್ ಹೆಗ್ಡೆ. ತಂಡ ಫೈನಲ್‌ವರೆಗೆ ಹೋಯಿತು, ಪವನ್ ಮಾತ್ರ ಹೆಚ್ಚು ದಿನ ಬೆಂಚು ಕಾಯಿಸಿದ. ಮರುವರ್ಷ ಬೆಂಗಳೂರು ಬುಲ್ಸ್‌ಗೆ ವಾಪಸ್ ಬಂದವನು 271 ರೈಡ್ ಪಾಯಿಂಟ್ ತಂದ. 2019ರ ಜನವರಿ 5ರ ಫೈನಲ್‌ನಲ್ಲಿ ಅದೇ ಗುಜರಾತನ್ನು ಬುಲ್ಸ್ 38-33ರಲ್ಲಿ ಸೋಲಿಸಿದಾಗ 22 ಪಾಯಿಂಟ್ ಅವನೊಬ್ಬನದೇ. ಹನ್ನೆರಡು ತಿಂಗಳಲ್ಲಿ ಆ ಹುಡುಗನ ಕಾಲು ಬದಲಾಗಿರಲಿಲ್ಲ. ಅಂಕಿ ನೋಡಿದ್ದವರಿಗೆ ಅವನು ಕಾಣಿಸಿರಲಿಲ್ಲ, ಬುಲ್ಸ್ ಬೇರೇನೋ ನೋಡಿತ್ತು. ನಮ್ಮೂರ ತಂಡ ಮಾಡಿದ ಅತ್ಯುತ್ತಮ ಆಯ್ಕೆ ಇದು, ಇಂದಿಗೂ.

ಅದೇ ಬುಲ್ಸ್ 2024ರಲ್ಲಿ ಪರ್ದೀಪ್ ನರ್ವಾಲ್‌ಗೆ 70 ಲಕ್ಷ ಕೊಟ್ಟಿತು. ಪರ್ದೀಪ್ ದೊಡ್ಡ ರೈಡರ್, ಅನುಮಾನವೇ ಇಲ್ಲ. 2017ರ ಒಂದೇ ಸೀಸನ್ನಿನಲ್ಲಿ 369 ರೈಡ್ ಪಾಯಿಂಟ್, ಮೈಯನ್ನು ನೆಲಕ್ಕೆ ತಾಗುವಷ್ಟು ಬಗ್ಗಿಸಿ ಚೈನಿನ ಕೈಗಳ ಕೆಳಗೆ ನುಸುಳುವ ಆ ಡುಬ್ಕಿ. ಆದರೆ ಡುಬ್ಕಿ ಎನ್ನುವುದು ಸೊಂಟ, ಮಂಡಿಯ ಆಟ. ಏಳು ವರ್ಷದ ಹಿಂದಿನ ಸೊಂಟಕ್ಕೆ ಇವತ್ತಿನ ದುಡ್ಡು ಕೊಟ್ಟರೆ? ಬುಲ್ಸ್ ಆ ಸೀಸನ್ನಿನ 22 ಲೀಗ್ ಪಂದ್ಯಗಳಲ್ಲಿ ಗೆದ್ದದ್ದು ಎರಡೇ, ಉಳಿದದ್ದು ಪಟ್ಟಿಯ ಕೊನೆಯಲ್ಲಿ. 2025ರ ಹರಾಜಿನಲ್ಲಿ ಪರ್ದೀಪ್ ಹೆಸರು ಬಂದಾಗ ಒಂದು ತಂಡವೂ ಕೈ ಎತ್ತಲಿಲ್ಲ. ಅವನು ಆಟಕ್ಕೇ ವಿದಾಯ ಹೇಳಿದ. ಹೆಸರಿಗೆ ಕೈ ತುಂಬಾ ಕೊಟ್ಟ ಮಾರುಕಟ್ಟೆಯೇ ಒಂದು ವರ್ಷದೊಳಗೆ ಬಾಗಿಲು ಹಾಕಿಕೊಂಡಿತು. ಎರಡೂ ಅತಿರೇಕ.

ಇದು ನಮ್ಮ ಕಬಡ್ಡಿಯವರಿಗೆ ಮಾತ್ರ ಅಂಟಿದ ರೋಗವಲ್ಲ. ಅಮೆರಿಕದ ಫುಟ್‌ಬಾಲಿನಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬ ಜಾಗವಿದೆ, ಚೆಂಡು ಯಾರಿಗೆ ಎಂದು ಕ್ಷಣದಲ್ಲಿ ತೀರ್ಮಾನಿಸುವವನು. ಅಲ್ಲಿ ಹರಾಜಿಲ್ಲ, ಡ್ರಾಫ್ಟು. ಹಿಂದಿನ ವರ್ಷ ಕೊನೆಯಲ್ಲಿದ್ದ ತಂಡಕ್ಕೆ ಮೊದಲ ಆಯ್ಕೆ. ಅದಕ್ಕೂ ಮುನ್ನ ಹುಡುಗರನ್ನು ಸಾಲಾಗಿ ನಿಲ್ಲಿಸಿ ಎತ್ತರ ಅಳೆದು, ತೂಕ ನೋಡಿ, ನಲವತ್ತು ಗಜ ಓಡಿಸುತ್ತಾರೆ. 2000ದಲ್ಲಿ ಟಾಮ್ ಬ್ರೇಡಿ ಆ ಓಟಕ್ಕೆ 5.28 ಸೆಕೆಂಡ್ ತೆಗೆದುಕೊಂಡ. ಆಯ್ಕೆಯಾದದ್ದು 199ನೆಯವನಾಗಿ, ಕೊನೆಗೆ ಗೆದ್ದದ್ದು ಏಳು ಸೂಪರ್ ಬೌಲ್. 2007ರಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದ ಜಮಾರ್ಕಸ್ ರಸೆಲ್‌ನ ತೋಳಿನ ಬಲ ಕಂಡು ಬೆರಗಾಗದವರಿರಲಿಲ್ಲ. ಮೂರೇ ಸೀಸನ್ನಿಗೆ ಅವನ ಆಟ ಮುಗಿಯಿತು. ತಮಾಷೆ ಎಂದರೆ ಅವನನ್ನು ಆರಿಸಿಕೊಂಡ ತಂಡದ ಹೆಸರು ಓಕ್ಲೆಂಡ್ ರೈಡರ್ಸ್. ಅವರ ಬಳಿ ಗಡಿಯಾರವಿತ್ತು, ತಕ್ಕಡಿಯಿತ್ತು. ಎದುರಾಳಿಗಳು ಮೈಮೇಲೆ ಬರುವಾಗ ಹುಡುಗನ ಕಣ್ಣು ಎತ್ತ ಹೋಗುತ್ತದೆ ಎಂದು ಅಳೆಯುವ ಯಂತ್ರ ಇರಲಿಲ್ಲ.

ನಮಗೆ ಅಂಥ ಯಂತ್ರ ಬೇಕಿಲ್ಲ, ಆಟದ ನಿಯಮದೊಳಗೇ ಅದಿದೆ. ಎರಡು ಖಾಲಿ ರೈಡಾದ ಮೇಲೆ ಮೂರನೆಯದು ಡು ಆರ್ ಡೈ. ಮೂವತ್ತು ಸೆಕೆಂಡಿನೊಳಗೆ ಪಾಯಿಂಟ್ ತರಬೇಕು, ಇಲ್ಲವೇ ಔಟು. ರೈಡರ್ ಬರಲೇಬೇಕೆಂದು ಎದುರಾಳಿಗೂ ಗೊತ್ತು, ಕಾರ್ನರ್‌ನವರು ಹಿಂದೆ ಸರಿದು ಕಾಯುತ್ತಾರೆ. ಮೊದಲ ಹತ್ತು ಸೆಕೆಂಡನ್ನು ಹುಡುಗ ಏನು ಮಾಡುತ್ತಾನೆ? ಸುಮ್ಮನೆ ಓಡಾಡಿ ಕಳೆಯುತ್ತಾನೋ, ಕವರ್‌ನವನನ್ನು ಅರ್ಧ ಹೆಜ್ಜೆ ಮುಂದಕ್ಕೆ ಎಳೆಯುತ್ತಾನೋ? ಹಿಂದಿನ ರೈಡಿನಲ್ಲಿ ಆಂಕಲ್ ಹೋಲ್ಡ್ ಹಾಕಿಸಿಕೊಂಡು ಬಿದ್ದವನು ಮತ್ತೆ ಅದೇ ಕಾರ್ನರ್ ಕಡೆ ಹೋಗುತ್ತಾನೋ, ಕಣ್ಣು ತಪ್ಪಿಸುತ್ತಾನೋ? ಆಡುವವರಿಗೆಲ್ಲ ಗೊತ್ತಿರುವ ಪ್ರಶ್ನೆಗಳೇ ಇವು. ಹರಾಜಿನ ಮೇಜಿಗೆ ಬರುವಷ್ಟರಲ್ಲಿ ಮರೆತುಹೋಗುತ್ತವೆ.

ಒಬ್ಬ ರೈಡರ್‌ಗೇ ಎಲ್ಲ ಸುರಿಯುವ ಹುಚ್ಚಿಗೆ ನಮ್ಮ ಕಣ್ಣೆದುರಿಗೇ ಮದ್ದಿತ್ತು. 2019ರಲ್ಲಿ ರೈಡ್ ಪಾಯಿಂಟಿನಲ್ಲಿ ಪವನ್ ಇಡೀ ಲೀಗಿಗೇ ಮೊದಲಿಗ, ಒಂದೇ ಪಂದ್ಯದಲ್ಲಿ 39 ಪಾಯಿಂಟ್ ತಂದದ್ದೂ ಆ ವರ್ಷವೇ. ಬುಲ್ಸ್ ಸೆಮಿಫೈನಲ್‌ನಲ್ಲಿ ಸೋತಿತು. ಕಪ್ಪು ಹೋದದ್ದು ಬೆಂಗಾಲ್ ವಾರಿಯರ್ಸ್‌ಗೆ, ಅದರ ಕೋಚ್ ಕರ್ನಾಟಕದ ಬಿ.ಸಿ. ರಮೇಶ್. 2024ರ ಮಾರ್ಚಿನಲ್ಲಿ ಪುಣೇರಿ ಪಲ್ಟನ್ ಗೆದ್ದಾಗಲೂ ಕೋಚ್ ಅವರೇ. ಆ ಸೀಸನ್ನಿನ ರೈಡರ್‌ಗಳ ಪಟ್ಟಿಯ ತುದಿಯಲ್ಲಿ ಪುಣೆಯವರು ಇರಲಿಲ್ಲ. ಅಸ್ಲಂ ಇನಾಮದಾರ್, ಮೋಹಿತ್ ಗೋಯತ್, ಪಂಕಜ್ ಮೋಹಿತೆ ರೈಡುಗಳನ್ನು ಹಂಚಿಕೊಂಡಿದ್ದರು. ಅದೇ ವರ್ಷದ ಡಿಸೆಂಬರಿನಲ್ಲಿ ಮುಗಿದ ಮುಂದಿನ ಸೀಸನ್ನಿನಲ್ಲಿ ಪಟ್ನಾದ ದೇವಾಂಕ್ ದಲಾಲ್ 301 ರೈಡ್ ಪಾಯಿಂಟ್ ತಂದ. ಫೈನಲ್‌ನಲ್ಲಿ ಹರಿಯಾಣದ ಡಿಫೆನ್ಸ್ ಎದುರು ಇಡೀ ಪಟ್ನಾ ಗಳಿಸಿದ್ದು 23. ಆದರೂ 2025ರ ಹರಾಜಿನಲ್ಲಿ ದೇವಾಂಕ್ ಬೆಲೆ ಎರಡು ಕೋಟಿ ದಾಟಿತು. ಅವನು ಯೋಗ್ಯನಲ್ಲ ಎನ್ನುತ್ತಿಲ್ಲ. ಆ 301 ಎಂಬ ಅಂಕಿ ಮಾತಾಡಿದಷ್ಟು ಆ ಫೈನಲ್ ಮಾತಾಡಲಿಲ್ಲ, ಅಷ್ಟೇ ನನ್ನ ಅಸಮಾಧಾನ.

ಹಾಗೆಂದು ಕುರ್ಚಿ ಮೇಲಿನ ಹಿರಿಯರ ಕಣ್ಣೇ ಕೊನೆಯ ಮಾತೂ ಅಲ್ಲ. ಅವರಿಗೂ ಪಕ್ಷಪಾತವಿದೆ. ಬೋನಸ್ ಕದಿಯುವ ರೈಡರ್ ಕಂಡರೆ ಅವರಿಗಾಗದು. ಅದು ಕಬಡ್ಡಿಯೇ ಅಲ್ಲವಂತೆ. ಆರು ಜನ ಎದುರಿಗಿರುವಾಗ ಗೆರೆ ದಾಟಿ ಒಂದು ಪಾಯಿಂಟ್ ಎತ್ತಿಕೊಂಡು ಬರುವುದೂ ಕಸುಬೇ. ಮುಟ್ಟಿಬಂದ ಪಾಯಿಂಟಿನಷ್ಟೇ ಅದೂ ಬೋರ್ಡಿಗೆ ಏರುತ್ತದೆ. ಕಣ್ಣು ನೋಡಲಿ, ಅಂಕಿಯೂ ಇರಲಿ, ಯಾವ ಅಂಕಿ ಎಂಬುದನ್ನು ಮಾತ್ರ ಬದಲಿಸೋಣ. ಡು ಆರ್ ಡೈನಲ್ಲಿ ನೂರಕ್ಕೆ ಎಷ್ಟು ಸಲ ಗೆದ್ದ, ಏಳು ಜನರೆದುರು ಎಷ್ಟು ತಂದ, ಔಟಾದ ಮರುರೈಡಿನಲ್ಲಿ ಏನಾಯಿತು. ಪರದೆಯ ಮೇಲೆ ದೊಡ್ಡಕ್ಷರದಲ್ಲಿ ಬರಬೇಕಾದವು ಇವು.

ಬುಲ್ಸ್‌ನವರಿಗೆ ಒಂದು ಮಾತು. ಮುಂದಿನ ಹರಾಜಿಗೆ ಮುಂಬೈ ಕಡೆ ಹೊರಡುವ ಮುನ್ನ ಒಂದೆರಡು ರಾತ್ರಿ ಮಾಗಡಿ ರಸ್ತೆಯ ಕಡೆಗೂ ಯಾರನ್ನಾದರೂ ಕಳಿಸಿ. ಪ್ಲಾಸ್ಟಿಕ್ ಕುರ್ಚಿ ಸಿಗುತ್ತದೆ, ಟಿಕೆಟ್ ಇಲ್ಲ. ಬೆಸ್ಟ್ ರೈಡರ್ ಕಪ್ಪು ಕೊಡುವವರೆಗೂ ಕೂರಲಿ, ಕಪ್ಪು ಸಿಗದವರ ಹೆಸರು ಬರೆದುಕೊಳ್ಳಲಿ.