ನೊವೊಟ್ನಾ: ಕಣ್ಣೀರೂ ಕೈಚಳಕವೂ

ಚೆಕ್ ಆಟಗಾರ್ತಿ ಯಾನಾ ನೊವೊಟ್ನಾಳ ಹೆಸರೆತ್ತಿದೊಡನೆ ಟೆನ್ನಿಸ್ ಬಲ್ಲವರ ಕಣ್ಣೆದುರು ನಿಲ್ಲುವುದು ಒಂದೇ ಚಿತ್ರ. 1993ರ ವಿಂಬಲ್ಡನ್ ಫೈನಲಿನಲ್ಲಿ ಸೋತ ಆಕೆ, ಬಹುಮಾನ ಕೊಡಲು ಬಂದ ಕೆಂಟಿನ ಡಚೆಸ್ ಅವರ ಭುಜಕ್ಕೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತದ್ದು. ಆ ಚಿತ್ರವನ್ನು ಪತ್ರಿಕೆಯಿಂದ ಕತ್ತರಿಸಿ ಪುಸ್ತಕದೊಳಗೆ ಇಟ್ಟುಕೊಂಡವರಲ್ಲಿ ನಾನೂ ಒಬ್ಬ. ಆದಕಾರಣ ಮುಂದೆ ಆಡುವ ಮಾತು ಮೊದಲು ನನಗೇ ತಗಲತಕ್ಕದ್ದು.

ಲೋಕ ಆಕೆಯನ್ನು ಪ್ರೀತಿಸಿತು, ನಿಜ. ಆದರೆ ಯಾವುದಕ್ಕಾಗಿ? ಅಂದು ಕಡೆಯ ಸೆಟ್ಟಿನಲ್ಲಿ ಸ್ಟೆಫಿ ಗ್ರಾಫಳೆದುರು ಆಕೆ 4-1ರಿಂದ ಮುಂದಿದ್ದಳು. ಇನ್ನೊಂದು ಪಾಯಿಂಟ್ ದಕ್ಕಿದ್ದರೆ 5-1. ಡಬಲ್ ಫಾಲ್ಟ್ ಆಯಿತು. ಅಲ್ಲಿಂದಾಚೆಗೆ ಐದು ಗೇಮುಗಳೂ ಗ್ರಾಫಳ ಪಾಲು. 'ಪುಕ್ಕಲು' ಎಂಬ ಬಿರುದು ಅಂದೇ ಅಂಟಿತು. 1995ರ ಫ್ರೆಂಚ್ ಸ್ಪರ್ಧೆಯಲ್ಲಿ ಚಾಂಡಾ ರೂಬಿನ್ ವಿರುದ್ಧ ಕಡೆಯ ಸೆಟ್ಟಿನಲ್ಲಿ 5-0 ಮುಂದಿದ್ದೂ ಸೋತಾಗ ಅದು ಗಟ್ಟಿಯಾಯಿತು. ಮೆಚ್ಚಿದವರು ಮರುಗಿದರು, ಮೆಚ್ಚದವರು ನಕ್ಕರು. ಆಟವನ್ನು ನೋಡಿದವರು ಕಡಮೆ.

ಇತ್ತೀಚೆಗೆ ಆ ಪಂದ್ಯವನ್ನು ಮೊದಲಿನಿಂದ ಮತ್ತೆ ನೋಡಿದೆ. ಎರಡನೆಯ ಸೆಟ್ಟನ್ನು ಗ್ರಾಫಳಂಥವಳಿಂದ 6-1ರಲ್ಲಿ ಕಸಿದುಕೊಂಡವಳು ಈಕೆಯೇ! ಸರ್ವ್ ಮಾಡಿದವಳೇ ಬಲೆಯತ್ತ ಓಡಿ, ಚೆಂಡು ನೆಲ ಮುಟ್ಟುವ ಮುನ್ನವೇ ಅದನ್ನು ಬೇಕಾದ ಮೂಲೆಗೆ ಇಳಿಸುವುದು ಆಕೆಯ ರೀತಿ. ಹಿಂದೆ ನಿಂತು ಆಡುವವರಿಗೆ ಯೋಚಿಸಲು ಅರೆಗಳಿಗೆಯಾದರೂ ಉಂಟು. ಬಲೆಯ ಬಳಿ ನಿಂತವಳಿಗೆ ಅದೂ ಇಲ್ಲ. ಕೈ ನಡುಗಲಿಲ್ಲವೆಂದು ನಾನು ವಾದಿಸುವುದಿಲ್ಲ. ಆ ಸರ್ವ್ ಗೆರೆ ದಾಟಿ ಬಹುದೂರ ಬಿದ್ದದ್ದನ್ನು ಎಲ್ಲರೂ ಕಂಡಿದ್ದಾರೆ. ಆದರೆ ಇಂಥ ಆಟವನ್ನೇ ಆರಿಸಿಕೊಂಡವಳು ಪುಕ್ಕಲೆಂಬುದನ್ನು ನಾನು ಒಪ್ಪಲಾರೆ.

ಪಂಪನ ಕರ್ಣನಿಗೂ ರನ್ನನ ದುರ್ಯೋಧನನಿಗೂ ಮನಸೋತ ನಮಗೆ ಸೋತವರ ಮೇಲಿನ ಮಮತೆ ಹೊಸದಲ್ಲ. ಆದರೆ ಆ ಕವಿಗಳು ಶೌರ್ಯವನ್ನು ಕಣ್ತುಂಬ ತೋರಿಸಿದ ಬಳಿಕವೇ ನಮ್ಮಿಂದ ಕಣ್ಣೀರು ಬೇಡಿದರು. ನೊವೊಟ್ನಾಳ ವಿಷಯದಲ್ಲಿ ಆ ಮೊದಲ ಭಾಗವೇ ಬಿಟ್ಟುಹೋಯಿತು. ಗ್ರ್ಯಾಂಡ್ ಸ್ಲಾಮ್ ಮಹಿಳಾ ಡಬಲ್ಸಿನಲ್ಲಿ 12, ಮಿಶ್ರ ಡಬಲ್ಸಿನಲ್ಲಿ 4 ಪ್ರಶಸ್ತಿಗಳನ್ನು ಗೆದ್ದವಳೆಂದರೆ ಎಷ್ಟು ಮಂದಿ ನಂಬುತ್ತಾರೆ?

1997ರ ಫೈನಲಿನಲ್ಲಿ ಹಿಂಗಿಸಳಿಗೆ ಸೋತಳು. ಮರುವರ್ಷ ವೀನಸ್ ವಿಲಿಯಮ್ಸಳನ್ನೂ ಅದೇ ಹಿಂಗಿಸಳನ್ನೂ ದಾಟಿಬಂದು, ಫೈನಲಿನಲ್ಲಿ ತೋಜಿಯಾಳನ್ನು 6-4, 7-6ರಿಂದ ಮಣಿಸಿದಳು. ಆಗ ವಯಸ್ಸು 29. ತಟ್ಟೆ ಕೊಟ್ಟವರು ಅದೇ ಡಚೆಸ್. ಅದನ್ನೂ ಜನ ಅತ್ತವಳಿಗೆ ದೈವ ಕೊಟ್ಟ ಪರಿಹಾರವೆಂದೇ ಕೊಂಡಾಡಿದರು; ಆಕೆಯ ವಾಲಿಯ ಮಾತು ಯಾರಿಗೂ ನೆನಪಾಗಲಿಲ್ಲ.

2017ರ ನವೆಂಬರಿನಲ್ಲಿ, 49ನೆಯ ವಯಸ್ಸಿಗೇ, ಆಕೆ ಕ್ಯಾನ್ಸರಿನಿಂದ ತೀರಿಕೊಂಡಳು. ಸುದ್ದಿಯ ಜೊತೆಗೆ ಮತ್ತೆ ಆ ಭುಜದ ಚಿತ್ರವೇ ಎಲ್ಲೆಡೆ ಬಂದಿತು. ನನ್ನ ಪುಸ್ತಕದೊಳಗಿನದನ್ನು ತೆಗೆದು ನೋಡಿದೆ, ಕಾಗದ ಹಳದಿಗಟ್ಟಿತ್ತು. 1998ರಲ್ಲಿ ತಟ್ಟೆ ಎತ್ತಿಹಿಡಿದು ನಗುತ್ತಿದ್ದ ಚಿತ್ರವನ್ನು ನಾನು ಕತ್ತರಿಸಿಟ್ಟುಕೊಂಡಿರಲಿಲ್ಲ.