ಪ್ಯಾರಿಸ್ಸಿನಲ್ಲಿ ಮೂವರು ವಿದ್ಯಾರ್ಥಿಗಳು

ವಿದೇಶದಲ್ಲಿ ಓದುತ್ತಿರುವ ನಮ್ಮ ಸದಸ್ಯರ ಮಕ್ಕಳು ಬರೆದ ಯುರೋಪ್ ಪ್ರವಾಸದ ಲೇಖನಗಳು ಕೆಲವು ವರ್ಷಗಳಿಂದ ಈ ಪತ್ರಿಕೆಯಲ್ಲಿ ಆಗಾಗ ಪ್ರಕಟವಾಗುತ್ತಿವೆ. ದೀಪಾವಳಿ ಸಂಚಿಕೆಯಲ್ಲಂತೂ ಒಂದಾದರೂ ಇದ್ದೇ ಇರುತ್ತದೆ. ಇವನ್ನು ನಾನು ಬಿಡದೆ ಓದುತ್ತೇನೆ. ದೆಹಲಿಯಲ್ಲಿ ಹುಟ್ಟಿ ಬೆಳೆದ, ಕನ್ನಡ ಶಾಲೆಯ ಮೆಟ್ಟಿಲನ್ನೇ ಹತ್ತದ ಮಕ್ಕಳು ಮ್ಯೂನಿಕ್ಕಿನಿಂದಲೋ ಡೆಲ್ಫ್ಟಿನಿಂದಲೋ ಕನ್ನಡದಲ್ಲಿ ನಾಲ್ಕು ಪುಟ ಬರೆದು ಕಳುಹಿಸುತ್ತಾರೆಂಬುದೇ ಸಂತೋಷದ ಸಂಗತಿ. (ಕೆಲವನ್ನು ತಾಯಂದಿರು ತಿದ್ದಿರುತ್ತಾರೆಂಬುದು ಭಾಷೆಯಿಂದಲೇ ತಿಳಿಯುತ್ತದೆ, ಅದೇನೂ ತಪ್ಪಲ್ಲ.) ಆದರೆ ಲೇಖಕರ ಹೆಸರನ್ನು ಬೆರಳಿನಿಂದ ಮುಚ್ಚಿದರೆ ಯಾವುದು ಯಾರ ಬರಹವೆಂದು ಹೇಳುವುದು ಕಷ್ಟ. ಐಫೆಲ್ ಗೋಪುರ, ಬ್ರಸೆಲ್ಸಿನ ಪುಟ್ಟ ಹುಡುಗನ ವಿಗ್ರಹ, ವೆನಿಸ್ಸಿನ ದೋಣಿ, ಸ್ವಿಟ್ಜರ್ಲೆಂಡಿನ ಹಿಮ ಎಲ್ಲವೂ ಎಲ್ಲದರಲ್ಲೂ ಉಂಟು, ಕ್ರಮ ಮಾತ್ರ ಹಿಂದುಮುಂದು.

ನೌಕರರ ರಜೆ ಪ್ರಯಾಣ ರಿಯಾಯಿತಿಯ ಬಿಲ್ಲುಗಳನ್ನು ಪರಿಶೀಲಿಸುವುದು ಕಚೇರಿಯಲ್ಲಿ ನನ್ನ ಕೆಲಸದ ಒಂದು ಭಾಗ. ಹೊರಟ ಸ್ಥಳ, ತಲುಪಿದ ಸ್ಥಳ, ದಿನಾಂಕ, ಟಿಕೆಟ್ಟಿನ ಸಂಖ್ಯೆ ಇಷ್ಟು ಸರಿಯಾಗಿದ್ದರೆ ಬಿಲ್ಲು ಪಾಸಾಗುತ್ತದೆ. ಪ್ರವಾಸ ಲೇಖನಕ್ಕೆ ಅಷ್ಟು ಸಾಲದು.

ಇದರಲ್ಲಿ ಹುಡುಗರದಷ್ಟೇ ತಪ್ಪೆನ್ನಲಾರೆ. ಸೌಕರ್ಯವೇ ಹಾಗಿದೆ. ಲಕ್ಸೆಂಬರ್ಗಿನ ಶೆಂಗೆನ್ ಎಂಬ ಹಳ್ಳಿಯಲ್ಲಿ 1985ರಲ್ಲಿ ಆದ ಒಪ್ಪಂದ 1995ರಲ್ಲಿ ಜಾರಿಗೆ ಬಂದಿತು. ಅದರ ಫಲವಾಗಿ, ಆ ಕೂಟದ ಒಂದು ದೇಶದಲ್ಲಿ ಓದಲು ವಾಸದ ಪರವಾನಗಿ ಪಡೆದ ವಿದ್ಯಾರ್ಥಿ ಉಳಿದ ದೇಶಗಳಲ್ಲಿ 180 ದಿನಗಳಲ್ಲಿ 90 ದಿನದವರೆಗೆ ಬೇರೆ ವೀಸಾ ಇಲ್ಲದೆ ಸಂಚರಿಸಬಹುದು. ರಾತ್ರಿ ಬಸ್ಸಿನಲ್ಲಿ ಮಲಗಿದವನಿಗೆ ಗಡಿ ದಾಟಿದ್ದೇ ಬಹುಮಟ್ಟಿಗೆ ತಿಳಿಯುವುದಿಲ್ಲ. ಹತ್ತು ದಿನದ ರಜೆಯಲ್ಲಿ ಆರು ರಾಜಧಾನಿಗಳು ಮುಗಿಯುತ್ತವೆ. ಮುಗಿಯುತ್ತವೆ ಎಂಬ ಮಾತನ್ನು ನಾನು ಅವರ ಲೇಖನಗಳಿಂದಲೇ ತೆಗೆದುಕೊಂಡಿದ್ದೇನೆ.

ಇಂಥ ಬರಹ ಹೇಗಿದ್ದರೆ ಚೆನ್ನ ಎಂದು ಯೋಚಿಸುತ್ತಿದ್ದಾಗ, ಓದಲೆಂದು ಯುರೋಪಿಗೆ ಹೋದ ನಮ್ಮ ದೇಶದ ಮೂವರು ಹಳೆಯ ವಿದ್ಯಾರ್ಥಿಗಳ ಪುಸ್ತಕಗಳನ್ನು ಮತ್ತೆ ತೆಗೆದೆ. 1878ರಲ್ಲಿ ಹೋದ ರವೀಂದ್ರನಾಥ ಠಾಕೂರರು, 1888ರಲ್ಲಿ ಹೋದ ಗಾಂಧೀಜಿ, 1905ರಲ್ಲಿ ಹೋದ ಜವಾಹರಲಾಲ್ ನೆಹರೂ. ಮೂವರೂ ಓದಿದ್ದು ಇಂಗ್ಲೆಂಡಿನಲ್ಲಿ, ಮೂವರೂ ಪ್ಯಾರಿಸ್ ನೋಡಿದರು, ಮೂವರೂ ಅದನ್ನು ಬರೆದರು. ಆಗ ಅವರು ಯಾರೂ ದೊಡ್ಡವರಾಗಿರಲಿಲ್ಲ, ಮನೆಯಿಂದ ಬಂದ ಹಣದಲ್ಲಿ ಓದುತ್ತಿದ್ದ ಇಪ್ಪತ್ತರ ಆಚೀಚಿನ ಹುಡುಗರಾಗಿದ್ದರು ಎಂಬುದನ್ನು ವಾಚಕರು ಮರೆಯಬಾರದು.

ರವೀಂದ್ರರಿಗೆ ಆಗ 17 ವರ್ಷ. ಲಂಡನ್ನಿಗೆ ಹೋಗುವ ದಾರಿಯಲ್ಲಿ ಪ್ಯಾರಿಸ್ಸಿನಲ್ಲಿ ಇಳಿದದ್ದು ಒಂದೇ ದಿನ. ಆ ವರ್ಷ ಅಲ್ಲಿ ಮಹಾ ಪ್ರದರ್ಶನವೊಂದು ನಡೆಯುತ್ತಿತ್ತು. ಊರಿಗೆ ಬರೆದ ಪತ್ರಗಳು ಅವರ ಮನೆಯವರೇ ನಡೆಸುತ್ತಿದ್ದ ‘ಭಾರತಿ’ ಪತ್ರಿಕೆಯಲ್ಲಿ ಪ್ರಕಟವಾಗಿ, 1881ರಲ್ಲಿ ‘ಯುರೋಪ್ ಪ್ರಬಾಸೀರ್ ಪತ್ರ’ ಎಂಬ ಪುಸ್ತಕವಾದವು. ನಮ್ಮ ಪಕ್ಕದ ಸೆಕ್ಷನ್ನಿನ ಬಂಗಾಳಿ ಮಿತ್ರರೊಬ್ಬರು ಊಟದ ವಿರಾಮಗಳಲ್ಲಿ ಇದರ ಆಯ್ದ ಭಾಗಗಳನ್ನು ನನಗೆ ಓದಿ ಅರ್ಥ ಹೇಳಿದರು. ಪ್ರದರ್ಶನದ ವರ್ಣನೆಗಾಗಿ ನೀನು ಕಿವಿ ನಿಮಿರಿಸಿಕೊಂಡು ಕೂತಿರಬೇಕು ಎಂದು ಹುಡುಗ ತನ್ನ ಓದುಗನನ್ನು ಕೆಣಕುತ್ತಾನೆ. ಮರುಕ್ಷಣವೇ, ಕಲ್ಕತ್ತೆಯ ವಿಶ್ವವಿದ್ಯಾನಿಲಯದಲ್ಲಿ ವಿದ್ಯೆ ಕಲಿತ ಹಾಗೆ ತಾನು ಅಲ್ಲಿ ಎಲ್ಲವನ್ನೂ ನೋಡಿದೆ, ಯಾವುದನ್ನೂ ಸರಿಯಾಗಿ ನೋಡಲಿಲ್ಲ ಎಂದುಬಿಡುತ್ತಾನೆ. ನಮ್ಮ ಲೇಖನಗಳಲ್ಲಿ ಈ ಒಂದು ವಾಕ್ಯ ಬರಲಾರದೆ ಎಷ್ಟು ಪುಟಗಳು ತುಂಬಿವೆ!

ಪ್ರದರ್ಶನವನ್ನು ಬಿಟ್ಟು ಹುಡುಗ ಬರೆದದ್ದು ಏನನ್ನು? ಇಳಿದುಕೊಂಡ ಹೋಟೆಲು ಅಳತೆ ಮೀರಿ ದೊಡ್ಡದಾಗಿ, ದೊಗಲೆ ಬಟ್ಟೆ ತೊಟ್ಟವನಿಗಾಗುವ ಕಸಿವಿಸಿ ತನಗಾಯಿತೆಂದು. ಆಮೇಲೆ ತುರ್ಕಿ ಸ್ನಾನದ ಮನೆಗೆ ಹೋದದ್ದು. ಬಿಸಿ ಕೋಣೆಯಲ್ಲಿ ಕೂರಿಸಿದರೂ ಈತನಿಗೆ ಬೆವರು ಬರಲಿಲ್ಲ, ಇನ್ನೂ ಬಿಸಿಯ ಕೋಣೆಗೆ ಕರೆದೊಯ್ದರು. ಕೊನೆಗೆ ಭೀಮನಂಥ ಆಳೊಬ್ಬ ಬಂದು ಮೈ ತಿಕ್ಕತೊಡಗಿದಾಗ, ಇಷ್ಟು ಬಡಕಲು ಸೊಳ್ಳೆಯನ್ನು ಅರೆಯಲು ಇಂಥ ದೊಡ್ಡ ಫಿರಂಗಿ ಬೇಕಿತ್ತೇ ಎಂದು ಹುಡುಗನಿಗೆ ಅನ್ನಿಸುತ್ತದೆ. ಪ್ಯಾರಿಸ್ಸಿನ ಬಗ್ಗೆ ಇದರಿಂದ ತಿಳಿಯುವುದು ಅಲ್ಪ. ಆದರೆ ದೊಡ್ಡ ಮನೆತನದ, ತೆಳ್ಳನೆಯ ಮೈಯ, ನಾಚಿಕೆಯನ್ನು ಹಾಸ್ಯದಿಂದ ಮುಚ್ಚುವ ಹುಡುಗನೊಬ್ಬ ಅಲ್ಲಿದ್ದನೆಂದು ತಿಳಿಯುತ್ತದೆ. ಆತ ಇದನ್ನು ಗ್ರಾಂಥಿಕ ಬಂಗಾಳಿಯಲ್ಲಿ ಬರೆಯದೆ ಮನೆಯಲ್ಲಾಡುವ ಭಾಷೆಯಲ್ಲೇ ಬರೆದದ್ದೂ ಗಮನಾರ್ಹ.

ಈ ಪತ್ರಗಳಲ್ಲಿ ದೋಷವಿಲ್ಲವೆಂದಲ್ಲ. ಮುಂದೆ ಇಂಗ್ಲೆಂಡಿನ ಸಮಾಜವನ್ನು ಕುರಿತು ತೀರ್ಪು ಕೊಡುವಾಗ ಹುಡುಗನ ಗರ್ವ ಮಿತಿ ಮೀರುತ್ತದೆ. ಪತ್ರಿಕೆಯ ಸಂಪಾದಕರಾಗಿದ್ದ ಹಿರಿಯಣ್ಣ ದ್ವಿಜೇಂದ್ರನಾಥರು ತಮ್ಮನ ಅಭಿಪ್ರಾಯಗಳಿಗೆ ಅಲ್ಲಲ್ಲೇ ಟಿಪ್ಪಣಿ ಹಾಕಿ ವಾದಿಸಿದರು. ಸ್ವತಃ ರವೀಂದ್ರರೇ ‘ಜೀವನಸ್ಮೃತಿ’ಯಲ್ಲಿ ಈ ಪತ್ರಗಳನ್ನು ಎಳೆಹರೆಯದ ಬಡಾಯಿಯೆಂದು ತಳ್ಳಿಹಾಕಿದ್ದಾರೆ. ಅವರ ಮಾತನ್ನು ಈ ವಿಷಯದಲ್ಲಿ ನಾನು ಪೂರ್ತಿ ಒಪ್ಪಲಾರೆ. ಬಡಾಯಿಯೂ ಆ ವಯಸ್ಸಿನ ಸತ್ಯವೇ; ಅದನ್ನು ಇಸ್ತ್ರಿ ಹಾಕಿ ಸರಿಪಡಿಸಿದ್ದರೆ ಫಿರಂಗಿಯೂ ಹೋಗುತ್ತಿತ್ತು, ಸೊಳ್ಳೆಯೂ ಹೋಗುತ್ತಿತ್ತು.

ಗಾಂಧೀಜಿ ಪ್ಯಾರಿಸ್ಸಿಗೆ ಹೋದದ್ದೂ ಮಹಾ ಪ್ರದರ್ಶನ ನೋಡಲೆಂದೇ, ಆದರೆ ಮುಂದಿನದು. ಆತ್ಮಕಥೆಯಲ್ಲಿ ಅವರು ಅದರ ವರ್ಷವನ್ನು 1890 ಎನ್ನುತ್ತಾರೆ. ಪ್ರದರ್ಶನ ನಡೆದದ್ದು 1889ರ ಮೇಯಿಂದ ಅಕ್ಟೋಬರ್‌ವರೆಗೆ. ಮೂವತ್ತೈದು ವರ್ಷಗಳ ನಂತರ ವಾರವಾರ ‘ನವಜೀವನ’ಕ್ಕೆ ಬರೆದ ಕಥೆಯಲ್ಲಿ ಒಂದು ವರ್ಷ ತಪ್ಪಿದೆ. ಸ್ವಾರಸ್ಯವಿರುವುದು ತಪ್ಪದೇ ಉಳಿದ ಅಂಕಿಯಲ್ಲಿ. ಗೋಪುರದ ಮೊದಲ ಅಂತಸ್ತಿನಲ್ಲಿ ಊಟದ ಮನೆಯೊಂದಿತ್ತಂತೆ. ಅಷ್ಟು ಎತ್ತರದಲ್ಲಿ ಉಂಡೆನೆಂದು ಹೇಳಿಕೊಳ್ಳುವ ತೃಪ್ತಿಗಾಗಿಯೇ ಅಲ್ಲಿ 7 ಷಿಲಿಂಗ್ ಎಸೆದೆ ಎನ್ನುತ್ತಾರೆ. ವರ್ಷ ಮರೆತಿದೆ, ಪ್ರದರ್ಶನದ ವಿಸ್ತಾರವನ್ನೂ ವೈವಿಧ್ಯವನ್ನೂ ಬಿಟ್ಟು ಬೇರೇನೂ ನೆನಪಿಲ್ಲವೆಂದು ಅವರೇ ಹೇಳುತ್ತಾರೆ, 7 ಷಿಲಿಂಗ್ ಮಾತ್ರ ಉಳಿದಿದೆ!

ಈ 7 ಷಿಲಿಂಗಿನ ಬೆಲೆಯೇನು? ಷಿಲಿಂಗಿಗೆ 12 ಪೆನ್ಸ್. ದಿನಕ್ಕೆ 1 ಷಿಲಿಂಗ್ 3 ಪೆನ್ಸಿನಲ್ಲಿ ತಾನು ಲಂಡನ್ನಿನಲ್ಲಿ ಜೀವನ ಸಾಗಿಸಿದ್ದನ್ನು ಅದೇ ಪುಸ್ತಕದಲ್ಲಿ ಅವರು ಬರೆದಿದ್ದಾರೆ. ಲೆಕ್ಕ ಹಾಕಿದರೆ ಐದೂವರೆ ದಿನದ ಖರ್ಚಿಗೂ ಸ್ವಲ್ಪ ಹೆಚ್ಚು. ಪ್ಯಾರಿಸ್ಸಿನ ಉಳಿದ ಏಳು ದಿನವನ್ನೆಲ್ಲ ಸಸ್ಯಾಹಾರಿಗಳ ಊಟದ ಮನೆಯೊಂದರಲ್ಲಿ ಕೋಣೆ ಹಿಡಿದು, ನಕಾಶೆ ಕೈಯಲ್ಲಿಟ್ಟುಕೊಂಡು ಹೆಚ್ಚಾಗಿ ನಡೆದೇ ಕಳೆದವರು, ಬಡಾಯಿಗಾಗಿ ಅಷ್ಟನ್ನು ಒಂದೇ ಹೊತ್ತಿಗೆ ಸುರಿದರು. ನಮ್ಮ ಹುಡುಗರು ಅದೇ ಗೋಪುರದ ಮುಂದೆ ತೆಗೆದುಕೊಳ್ಳುವ ಸೆಲ್ಫಿಗೂ ಆ ಊಟಕ್ಕೂ ಏನೂ ಭೇದವಿಲ್ಲ. ಭೇದವಿರುವುದು ಬರಹದಲ್ಲಿ. ಗಾಂಧೀಜಿ ಅದಕ್ಕೆಷ್ಟು ಬಿತ್ತು, ಏಕೆ ಕೊಟ್ಟೆ ಎಂದು ಎರಡನ್ನೂ ಬರೆಯುತ್ತಾರೆ.

ಅದೇ ಅಧ್ಯಾಯದಲ್ಲಿ ನೋತ್ರ್ ದಾಮ್ ಬರುತ್ತದೆ. 2019ರ ಏಪ್ರಿಲ್‌ನಲ್ಲಿ ಬೆಂಕಿಗೆ ಸಿಕ್ಕಿ, 2024ರ ಡಿಸೆಂಬರಿನಲ್ಲಿ ಮತ್ತೆ ತೆರೆದ ಇಗರ್ಜಿ ಇದೇ. ಇಲ್ಲಿ ಗಾಂಧೀಜಿ ಕಮಾನುಗಳನ್ನು ಎಣಿಸುವುದಿಲ್ಲ. ಮೇರಿಯಮ್ಮನ ಮುಂದೆ ಮೊಣಕಾಲೂರಿದ ಜನರನ್ನು ನೋಡಿ, ಇದು ಬರೀ ಮೂಢನಂಬಿಕೆಯಾಗಿರಲಾರದು, ಇವರು ಅಮೃತಶಿಲೆಯನ್ನು ಪೂಜಿಸುತ್ತಿಲ್ಲ ಎಂದು ಆಗ ತನಗೆ ತೋಚಿತೆನ್ನುತ್ತಾರೆ. ರಾಜಕೋಟೆಯಲ್ಲಿ ಪಾದ್ರಿಯೊಬ್ಬರು ಹಿಂದೂ ದೇವರನ್ನು ನಿಂದಿಸಿದ್ದರಿಂದ ಕ್ರೈಸ್ತಮತದ ಬಗ್ಗೆ ಬೇಸರಗೊಂಡಿದ್ದ ಹುಡುಗನ ಮಾತು ಇದೆಂದು ನೆನೆದರೆ ಇದರ ತೂಕ ತಿಳಿಯುತ್ತದೆ. ಪ್ರವಾಸದಲ್ಲಿ ಒಬ್ಬನ ಮನಸ್ಸಿನಲ್ಲಿ ಏನೋ ಜರುಗಿತು ಎಂದು ಈ ಮೂರು ಪುಸ್ತಕಗಳ ಪೈಕಿ ಅತ್ಯಂತ ಸ್ಪಷ್ಟವಾಗಿ ಕಾಣುವುದು ಇಲ್ಲಿಯೇ.

ಗೋಪುರದ ಬಗ್ಗೆ ಮಾತ್ರ ನನಗೆ ಅವರೊಂದಿಗೆ ಜಗಳವಿದೆ. ಅದು ಮನುಷ್ಯನ ಜಾಣತನದ ಸ್ಮಾರಕವಲ್ಲ, ಹುಚ್ಚಿನದು ಎಂಬ ಟಾಲ್‌ಸ್ಟಾಯರ ಮಾತನ್ನು ಮೆಚ್ಚಿ ಉದಾಹರಿಸಿ, ಅದರಲ್ಲಿ ಕಲೆಯಿಲ್ಲ, ಅದು ಪ್ರದರ್ಶನದ ಆಟಿಕೆ ಎಂದು ಗಾಂಧೀಜಿ ಮುಗಿಸುತ್ತಾರೆ. ವಿಜ್ಞಾನ ಓದಿದವನಾಗಿ ಇದನ್ನು ಒಪ್ಪುವುದು ನನ್ನಿಂದಾಗದು. ಸುಮಾರು 300 ಮೀಟರ್ ಎತ್ತರಕ್ಕೆ ಗಾಳಿಯ ಒತ್ತಡವನ್ನು ಲೆಕ್ಕ ಹಾಕಿ, ಅದಕ್ಕೆ ತಕ್ಕಂತೆ ಕಾಲುಗಳನ್ನು ಬಾಗಿಸಿ, 25 ಲಕ್ಷ ರಿವೆಟ್ಟುಗಳಿಂದ ಕಬ್ಬಿಣವನ್ನು ಹೆಣೆದದ್ದು ಆಟಿಕೆಯೆ? ಅದಕ್ಕೆ ಕೊಟ್ಟಿದ್ದ ಅನುಮತಿ 20 ವರ್ಷದ್ದು, 1909ಕ್ಕೆ ಮುಗಿಯಬೇಕಿತ್ತು. ತಂತಿಯಿಲ್ಲದ ತಂತಿ ಸಮಾಚಾರಕ್ಕೆ ಅಷ್ಟೆತ್ತರದ ಕಂಬ ಬೇಕಾಗಿ ಅದು ಉಳಿಯಿತು.

ಆ 1909ರಲ್ಲೇ ನೆಹರೂ ಅವರು ತಂದೆಯೊಡನೆ ಪ್ಯಾರಿಸ್ಸಿನಲ್ಲಿದ್ದರು. ಕೇಂಬ್ರಿಜ್ಜಿನಲ್ಲಿ ರಸಾಯನಶಾಸ್ತ್ರ, ಭೂವಿಜ್ಞಾನ, ಸಸ್ಯಶಾಸ್ತ್ರ ಓದುತ್ತಿದ್ದ ಅವರಿಗೆ ಕಂಡದ್ದು ಗೋಪುರವಲ್ಲ, ಅದನ್ನು ಸುತ್ತು ಹಾಕಿದ ಮೊದಲ ವಿಮಾನ. ಅದಕ್ಕೆ ಎರಡು ತಿಂಗಳ ಹಿಂದೆ ಬರ್ಲಿನ್ನಿನಲ್ಲಿ ಕೌಂಟ್ ಜೆಪೆಲಿನ್ ತನ್ನ ವಾಯುನೌಕೆಯಲ್ಲಿ ಬಂದಿಳಿದದ್ದನ್ನೂ ಲಕ್ಷಾಂತರ ಜನರ ನಡುವೆ ಅವರು ನೋಡಿದ್ದರು. ಈ ಎರಡು ಪ್ರಸಂಗಗಳು ಅವರ ಆತ್ಮಕಥೆಯಲ್ಲಿ ಚೊಕ್ಕವಾಗಿವೆ, ಆದರೆ ತಣ್ಣಗಿವೆ. ಒಳ್ಳೆಯ ವರ್ತಮಾನ ಪತ್ರಿಕೆಯ ವರದಿಗಾರನೂ ಇಷ್ಟನ್ನು ಬರೆದಾನು. ದುಬಾರಿ ಹೋಟೆಲುಗಳ ಬಿಲ್ಲು ತಂದೆಯವರದು, ಹಾಗಾಗಿ ಇಲ್ಲಿ 7 ಷಿಲಿಂಗಿನ ಲೆಕ್ಕವೂ ಇಲ್ಲ. ತಂದೆ ಧಾರಾಳವಾಗಿ ಕೊಟ್ಟದ್ದನ್ನೂ ಮೀರಿ ಲಂಡನ್ನಿನಲ್ಲಿ ಖರ್ಚು ಮಾಡಿದೆನೆಂದು ಬೇರೆ ಕಡೆ ಒಪ್ಪಿಕೊಂಡಿದ್ದಾರೆನ್ನಿ.

ಅವರ ಲೇಖನಿ ಬಿಸಿಯಾಗುವುದು 1910ರ ನಾರ್ವೆಯಲ್ಲಿ, ಅದೂ ಹಿಮದ ನೀರಿನಲ್ಲಿ! ಬೆಟ್ಟ ಹತ್ತಿಳಿದು ದಣಿದು ಸಣ್ಣದೊಂದು ಹೋಟೆಲಿಗೆ ಬಂದು ಸ್ನಾನ ಕೇಳಿದರೆ, ಅಂಥದೊಂದನ್ನು ಅಲ್ಲಿ ಯಾರೂ ಕೇಳಿಯೇ ಇರಲಿಲ್ಲವಂತೆ. ಪಕ್ಕದ ತೊರೆಗೆ ಹೋಗಿ ಎಂದು ಕೈಯೊರೆಸುವ ಬಟ್ಟೆ ಕೊಟ್ಟರು. ನೀರ್ಗಲ್ಲಿನಿಂದ ಇಳಿದು ಬರುವ ನೀರು. ಕಾಲು ಜಾರಿತು, ಮೈ ಮರಗಟ್ಟಿತು, ಪ್ರವಾಹ ಎಳೆದೊಯ್ದಿತು. ಜತೆಗಿದ್ದ ಇಂಗ್ಲಿಷ್ ಹುಡುಗ ದಡದಲ್ಲಿ ಓಡಿ ಕಾಲು ಹಿಡಿದು ಎಳೆದು ಹಾಕಿದ. ಇನ್ನೂರು ಮುನ್ನೂರು ಗಜದಾಚೆ ಆ ತೊರೆ ಜಲಪಾತವಾಗಿ ಧುಮುಕುತ್ತಿತ್ತು. ಅದೇ ಆ ಊರಿನ ಪ್ರೇಕ್ಷಣೀಯ ಸ್ಥಳ! 1934–35ರಲ್ಲಿ ಸೆರೆಮನೆಯಲ್ಲಿ ಕುಳಿತು ಬರೆಯುವಾಗಲೂ ಆ ಚಳಿ ಅವರ ಮೈ ಬಿಟ್ಟಿರಲಿಲ್ಲವೆಂದು ತೋರುತ್ತದೆ. ಪ್ರೇಕ್ಷಣೀಯ ಸ್ಥಳವನ್ನು ನೋಡಲು ಹೋದವನ ಬರಹಕ್ಕೂ ಅದಕ್ಕೆ ಬೀಳುವುದರಲ್ಲಿದ್ದವನ ಬರಹಕ್ಕೂ ಇಷ್ಟು ವ್ಯತ್ಯಾಸ.

ಇವರೆಲ್ಲ ಮಹಾಪುರುಷರು, ನಮ್ಮ ಮಕ್ಕಳನ್ನು ಇವರೊಡನೆ ತೂಗುವುದು ನ್ಯಾಯವೇ ಎಂದು ಕೆಲವರು ಕೇಳಬಹುದು. ಸೊಳ್ಳೆಯ ಮಾತು ಬರೆಯಲು ಮಹಾಪುರುಷನಾಗಬೇಕಿಲ್ಲ. ಅಲ್ಲದೆ ಒಂದು ವಿಷಯದಲ್ಲಿ ನಮ್ಮ ಮಕ್ಕಳ ಬಳಿ ಬರೆಯಲು ಹೆಚ್ಚೇ ಇದೆ. ರವೀಂದ್ರರನ್ನೂ ನೆಹರೂ ಅವರನ್ನೂ ಕಳಿಸಿದ್ದು ಶ್ರೀಮಂತರ ಮನೆಗಳು. ನಮ್ಮವರನ್ನು ಕಳಿಸುವುದು ಬ್ಯಾಂಕಿನ ಸಾಲ, ಭವಿಷ್ಯ ನಿಧಿಯ ಮುಂಗಡ, ಕೆಲವೊಮ್ಮೆ ಊರಿನ ನಿವೇಶನ. ಜರ್ಮನಿಗೆ ಓದಲು ಹೋಗುವವನು ತಡೆಹಿಡಿದ ಖಾತೆಯಲ್ಲಿ ಮುಂಚಿತವಾಗಿ ತೋರಿಸಬೇಕಾದ ಹಣವನ್ನು 2024ರ ಸೆಪ್ಟೆಂಬರಿನಲ್ಲಿ ವರ್ಷಕ್ಕೆ 11,904 ಯೂರೋ ಎಂದು ಏರಿಸಿದರು. ತಿಂಗಳಿಗೆ 992. ಅದರಲ್ಲಿ ಬಾಡಿಗೆ, ವಿಮೆ, ಅಕ್ಕಿಬೇಳೆ ಕಳೆದು ಪ್ರಾಗ್ ನೋಡಲು ಎಷ್ಟುಳಿಯಿತು, ಹೇಗುಳಿಯಿತು ಎಂದು ಈವರೆಗೆ ಒಂದು ಲೇಖನವೂ ಹೇಳಿಲ್ಲ. ಕಾರಣವನ್ನು ಊಹಿಸಬಲ್ಲೆ. ಈ ಪತ್ರಿಕೆಯನ್ನು ಅಪ್ಪ ಅಮ್ಮ ಓದುತ್ತಾರೆ, ಅಪ್ಪನ ಕಚೇರಿಯ ಸ್ನೇಹಿತರೂ ಓದುತ್ತಾರೆ. ಮಗ ಸುಖವಾಗಿದ್ದಾನೆ, ಯುರೋಪೆಲ್ಲ ಸುತ್ತುತ್ತಿದ್ದಾನೆ ಎಂದು ನಾಲ್ಕು ಜನಕ್ಕೆ ತಿಳಿಯಬೇಕು. ಲೇಖನ ಮನೆಗೆ ಕಳಿಸಿದ ಕ್ಷೇಮಸಮಾಚಾರವಾಗುತ್ತದೆ. ಇದರಲ್ಲಿ ಮಕ್ಕಳಿಗಿಂತ ನಮ್ಮ ಪಾಲೇ ದೊಡ್ಡದು. ನಾವು ಕೇಳುವುದೂ ಎಷ್ಟು ದೇಶ ನೋಡಿದೆ ಎಂದೇ ಹೊರತು ಯಾವ ರಾತ್ರಿ ನಿದ್ದೆ ಬರಲಿಲ್ಲ ಎಂದಲ್ಲ.

ಕನ್ನಡದಲ್ಲಿ ಈ ಬಗೆಯ ಬರಹಕ್ಕೆ ಪರಂಪರೆಯಿಲ್ಲವೆಂದು ಭಾವಿಸಬೇಕಾಗಿಲ್ಲ. 1936ರಲ್ಲಿ ಆಕ್ಸ್‌ಫರ್ಡಿಗೆ ಓದಲು ಹೋದ ವಿನಾಯಕ ಕೃಷ್ಣ ಗೋಕಾಕರ ‘ಸಮುದ್ರದಾಚೆಯಿಂದ’ ಇದೆ. ಅದನ್ನು ಪ್ರತ್ಯೇಕವಾಗಿಯೇ ವಿಮರ್ಶಿಸಬೇಕು.

ನಮ್ಮ ಹುಡುಗರಿಗೆ ಬರೆಯಲು ಬರುವುದಿಲ್ಲವೆಂದೂ ನಾನು ಹೇಳುತ್ತಿಲ್ಲ. ಹಿಂದಿನ ಸಂಚಿಕೆಯೊಂದರಲ್ಲಿ ಹನ್ನೊಂದು ಊರುಗಳ ಲೇಖನವೊಂದು ಬಂದಿತ್ತು. ಬರೆದಾಕೆ ಮೊದಲ ವರ್ಷದ ವಿದ್ಯಾರ್ಥಿನಿ. ವಿಯೆನ್ನಾದ ನಿಲ್ದಾಣದಲ್ಲಿ ಬಸ್ಸು ತಪ್ಪಿ, ಬೆಳಗಿನವರೆಗೆ ಬೆಂಚಿನ ಮೇಲೆ ಕೂತು, ಅಜ್ಜಿ ಕಟ್ಟಿಕೊಟ್ಟ ಚಟ್ನಿಪುಡಿಯನ್ನು ಬ್ರೆಡ್ಡಿಗೆ ಹಚ್ಚಿ ತಿಂದೆ, ಪಕ್ಕದಲ್ಲಿದ್ದ ಮುದುಕಿ ತನಗೂ ಸ್ವಲ್ಪ ಬೇಕೆಂದು ಕೈ ನೀಡಿದಳು ಎಂದು ಒಂದು ವಾಕ್ಯ ಬರೆದಿದ್ದಾಳೆ. ಆ ಮುದುಕಿ ಯಾರು, ಅಷ್ಟು ಹೊತ್ತಿನಲ್ಲಿ ಅಲ್ಲೇಕಿದ್ದಳು, ಖಾರ ತಿಂದು ಏನೆಂದಳು, ಇಬ್ಬರಿಗೂ ಭಾಷೆ ಯಾವುದು? ತಿಳಿಯುವ ಆಸೆಯಿಂದ ಕೆಳಗೆ ಕಣ್ಣಾಡಿಸಿದರೆ, ಮುಂದಿನ ಸಾಲು ಬುಡಾಪೆಸ್ಟಿನ ಸಂಸತ್ ಭವನದ ಉದ್ದಗಲ.