ಮನ್ಸೂರ–ಜೋಶಿ: ತಾರತಮ್ಯ ವಿಚಾರ

ಪಂಪನು ಮೇಲೋ ರನ್ನನು ಮೇಲೋ ಎಂಬ ವಾದವು ಕನ್ನಡ ಸಾಹಿತ್ಯಾಭ್ಯಾಸಿಗಳಿಗೆ ಹೊಸದಲ್ಲ. ಅಂತಹದೇ ವಾದವೊಂದು ಸಂಗೀತಪ್ರಿಯರಲ್ಲಿ ಬಹುಕಾಲದಿಂದ ನಡೆದು ಬಂದಿದೆ. ಪಂಡಿತ ಮಲ್ಲಿಕಾರ್ಜುನ ಮನ್ಸೂರರು (1910–1992) ಹಿರಿಯ ಗಾಯಕರೋ, ಪಂಡಿತ ಭೀಮಸೇನ ಜೋಶಿಯವರು (1922–2011) ಹಿರಿಯ ಗಾಯಕರೋ ಎಂಬುದೇ ಆ ವಾದವು. ಒಬ್ಬರದು ಧಾರವಾಡದ ನೆರೆಯ ಮನ್ಸೂರು, ಇನ್ನೊಬ್ಬರದು ಗದಗು. ಇಬ್ಬರೂ ಕನ್ನಡದ ಮನೆಗಳಲ್ಲಿ ಬೆಳೆದು, ಹಿಂದುಸ್ತಾನೀ ಖ್ಯಾಲ ಗಾಯನದಲ್ಲಿ ಅಖಿಲ ಭಾರತದ ಮನ್ನಣೆಯನ್ನು ಪಡೆದವರು. ಗಾಯಕರಿಬ್ಬರೂ ಇಂದು ಕೀರ್ತಿಶೇಷರು. ವಾದವು ಮಾತ್ರ ಮುಗಿದಿಲ್ಲ.

ಕಲ್ಯಾಣದ ಸೀಮೆಯಲ್ಲಿ ಈ ವಾದಕ್ಕೆ ವಿಶೇಷವಾದೊಂದು ತೊಡಕುಂಟು. ಮಂಠಾಳ, ಬಸವಕಲ್ಯಾಣ, ಹುಮನಾಬಾದಗಳ ಕಡೆಯ ಮನೆಗಳಲ್ಲಿ ಕನ್ನಡ ಮರಾಠಿಗಳೆರಡೂ ಕಿವಿಗೆ ಬೀಳುತ್ತಿರುವದರಿಂದ, ಶರಣರ ವಚನಗಳಂತೆ ಪಂಢರಪುರದ ಅಭಂಗಗಳೂ ಇಲ್ಲಿ ಪರಿಚಿತವೇ. ಆದುದರಿಂದ ಮನ್ಸೂರರ ಖ್ಯಾಲಕ್ಕಿಂತ ಮೊದಲು ಅವರ ವಚನ ಗಾಯನವೂ, ಜೋಶಿಯವರ ಖ್ಯಾಲಕ್ಕಿಂತ ಮೊದಲು ಅವರ ಅಭಂಗ ದಾಸರ ಪದಗಳೂ ಕೇಳುಗನನ್ನು ತಲುಪುವವು. ಹೀಗಾದಾಗ ಸ್ವರವನ್ನು ನೋಡಿ ಪಕ್ಷ ಹಿಡಿಯುವ ಬದಲು ಪದವನ್ನು ನೋಡಿ ಪಕ್ಷ ಹಿಡಿಯುವದೂ, ಪದದಿಂದ ಮತಕ್ಕೂ ಮತದಿಂದ ಜಾತಿಗೂ ಇಳಿಯುವದೂ ಸುಲಭವು. ವಚನವನ್ನು ಹಾಡಿದವರು ನಮ್ಮವರು, ಅಭಂಗವನ್ನು ಹಾಡಿದವರು ಅವರವರು ಎಂಬಲ್ಲಿಗೆ ಮಾತು ಬಂದರೆ ಸಂಗೀತ ವಿಮರ್ಶೆಯು ಅಲ್ಲಿಯೇ ಮುಗಿದಂತಾಯಿತು.

ಈ ತಪ್ಪು ದಾರಿಯನ್ನು ಮುಚ್ಚಲು ಇಬ್ಬರ ಗುರುಪರಂಪರೆಯನ್ನು ನೆನೆದರೆ ಸಾಕು. ಮನ್ಸೂರರು ಮೊದಲು ನೀಲಕಂಠಬುವಾ ಮಿರಜಕರರಲ್ಲಿ ಗ್ವಾಲಿಯರ ಪದ್ಧತಿಯನ್ನು ಕಲಿತರು. ಅನಂತರ ಜಯಪುರ–ಅತ್ರೌಲಿ ಘರಾಣೆಯ ಪ್ರವರ್ತಕರಾದ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜೀ ಖಾನ, ಭುರ್ಜೀ ಖಾನರಲ್ಲಿ ಶಿಷ್ಯವೃತ್ತಿ ಮಾಡಿದರು. ಜೋಶಿಯವರ ಗುರುಗಳು ಕುಂದಗೋಳದ ಸವಾಯಿ ಗಂಧರ್ವರು. ಸವಾಯಿ ಗಂಧರ್ವರ ಗುರುಗಳು ಕಿರಾಣಾ ಘರಾಣೆಯ ಅಬ್ದುಲ ಕರೀಮ ಖಾನರು. ಧಾರವಾಡದ ಮುರುಘಾಮಠದ ಮೃತ್ಯುಂಜಯ ಸ್ವಾಮಿಗಳ ಭಕ್ತರಾದ ಮನ್ಸೂರರ ವಚನ ಗಾಯನದಲ್ಲಿಯೂ, ವಿಠ್ಠಲನನ್ನು ಕೊಂಡಾಡಿದ ಜೋಶಿಯವರ ಅಭಂಗದಲ್ಲಿಯೂ ಉಸ್ತಾದರ ವಿದ್ಯೆಯೇ ಹರಿದಿದೆ. ಯಾರನ್ನು ನಮ್ಮವರೆಂದರೂ ಅವರ ಹಿಂದೆ ನಿಂತ ಗುರುವನ್ನು ಬಿಟ್ಟು ಹಾಗೆನ್ನಲು ಬಾರದು.

ಇನ್ನು ಗಾಯನದ ವಿಚಾರ. ಕಿರಾಣಾ ಮಾರ್ಗದಲ್ಲಿ ಸ್ವರವೇ ಪ್ರಧಾನವು. ವಿಲಂಬಿತ ಲಯದಲ್ಲಿ ಷಡ್ಜದಿಂದ ಹೊರಟು ಒಂದೊಂದು ಸ್ವರದ ಮೇಲೆಯೂ ಸಾವಕಾಶವಾಗಿ ನಿಂತು, ಅದರ ಸುತ್ತಲಿನ ರಾಗರೂಪವನ್ನೆಲ್ಲ ತೋರಿಸಿ ಮುಂದಿನ ಸ್ವರಕ್ಕೆ ಏರುವದು ಅದರ ಕ್ರಮ. ಕೇಳುವವನು ಮೆಟ್ಟಿಲು ಮೆಟ್ಟಿಲಾಗಿ ಗಾಯಕನ ಸಂಗಡ ಹತ್ತಬಲ್ಲನು. ಜಯಪುರ ಮಾರ್ಗದಲ್ಲಾದರೋ ಸ್ವರವೂ ತಾಳವೂ ಒಂದಕ್ಕೊಂದು ಹೆಣೆದುಕೊಂಡಿರುವವು. ಅಲ್ಲಿ ಆಲಾಪವು ಮಾತ್ರೆಗಳ ನಡುವೆಯೇ ಸುಳಿದು, ಬಳುಕಿ, ಎಣಿಸದ ದಿಕ್ಕಿನಿಂದ ಸಮದ ಮೇಲೆ ಬಂದು ಕೂಡುವದು. ಎರಡು ಮೂರು ರಾಗಗಳ ಅಂಗಗಳು ಸೇರಿದ ಜೋಡುರಾಗಗಳೂ, ವಿರಳವಾಗಿ ಕೇಳಿಬರುವ ಅನವಟ ರಾಗಗಳೂ ಆ ಘರಾಣೆಯ ಸೊತ್ತು. ಮಾರ್ಗಗಳು ಹೀಗೆ ಬೇರೆಯಾಗಿರುವಾಗ, ಮನ್ಸೂರರು ಒಂದೊಂದು ಸ್ವರದ ಮೇಲೆ ನಿಲ್ಲಲಿಲ್ಲವೆಂದು ದೂರುವದೂ, ಜೋಶಿಯವರು ತಾಳದೊಡನೆ ಅಷ್ಟು ಆಡಲಿಲ್ಲವೆಂದು ದೂರುವದೂ ಮಾವಿನ ಮರದಲ್ಲಿ ಹಲಸನ್ನು ಹುಡುಕಿದಂತೆ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುವದು. ಮಾಲಕಂಸವು ರಿಷಭ ಪಂಚಮಗಳಿಲ್ಲದ ಐದು ಸ್ವರಗಳ ರಾಗ. ಜೋಶಿಯವರು ಅದನ್ನು ಹಾಡುವಾಗ ಆ ಐದೇ ಸ್ವರಗಳು ತುಂಬಿದ ಕಂಠದಲ್ಲಿ ಐದು ಕಂಬಗಳಂತೆ ನಿಲ್ಲುವವು. ಮಧ್ಯಮದ ಮೇಲಿನ ಒಂದು ದೀರ್ಘ ನಿಲುಗಡೆಯೇ ರಾಗದ ಗಾಂಭೀರ್ಯವನ್ನೆಲ್ಲ ಹೇಳಿಬಿಡುವದು. ಮನ್ಸೂರರ ಪರಂಪರೆಯಲ್ಲಿ ಮನ್ನಣೆ ಪಡೆದದ್ದು ಸಂಪೂರ್ಣ ಮಾಲಕಂಸವು. ಅಲ್ಲಿ ಬಿಟ್ಟುಹೋದ ರಿಷಭ ಪಂಚಮಗಳೂ ಒಳಗೆ ಬರುವವು. ಒಂದಿಷ್ಟು ಎಚ್ಚರ ತಪ್ಪಿದರೆ ಮಾಲಕಂಸವೇ ಕಳೆದುಹೋದೀತು. ಆ ಅಪಾಯದ ಅಂಚಿನಲ್ಲಿಯೇ ನಡೆದು ರಾಗದ ಮುಖವನ್ನು ಕೆಡದಂತೆ ಕಾಯುವದು ಮನ್ಸೂರರ ಪ್ರಾವೀಣ್ಯ. ಒಬ್ಬರು ಇದ್ದುದನ್ನು ಆಳವಾಗಿ ಅಗೆದರು. ಇನ್ನೊಬ್ಬರು ಬೇಲಿಯಾಚೆಯ ನೆಲವನ್ನೂ ಸಾಗುವಳಿಗೆ ತಂದರು.

ಸಾಹಿತ್ಯಪ್ರಿಯರಿಗೆ ವಚನ ಅಭಂಗಗಳ ಹೋಲಿಕೆಯು ಇನ್ನೂ ರುಚಿಕರವು. ಅಭಂಗಕ್ಕೆ ಛಂದಸ್ಸುಂಟು, ಮತ್ತೆ ಮತ್ತೆ ಬರುವ ಧ್ರುವಪದವುಂಟು. ತಾಳ ಪಖವಾಜಗಳೊಡನೆ ಹತ್ತು ಜನ ಕೂಡಿ ಹಾಡುವ ರೂಢಿಯುಂಟು. ದಾಸರ ಪದಕ್ಕೂ ಪಲ್ಲವಿಯ ಆಸರೆಯಿದೆ. ಜೋಶಿಯವರು ಆ ಸಾಮೂಹಿಕ ಭಾವವನ್ನು ತಮ್ಮ ಕಂಠದ ಬಲದಿಂದ ಸಾವಿರ ಜನರ ಮಂಟಪಕ್ಕೆ ಸಲ್ಲುವಷ್ಟು ದೊಡ್ಡದು ಮಾಡಿದರು. ವಚನಕ್ಕಾದರೋ ಪಲ್ಲವಿಯೂ ಇಲ್ಲ, ಮಾತ್ರೆಗಳ ಲೆಕ್ಕವೂ ಇಲ್ಲ. ಅದು ಒಬ್ಬರು ಇನ್ನೊಬ್ಬರ ಮುಂದೆ, ಇಲ್ಲವೆ ತನ್ನ ದೈವದ ಮುಂದೆ ಆಡಿದ ಮಾತು. ಅದನ್ನು ತಾಳಕ್ಕೆ ಹೊಂದಿಸುವಾಗ ಮಾತಿನ ಸಹಜತೆಯು ಕೆಡುವದೆಂಬ ಭಯವು ಇದ್ದೇ ಇದೆ. ಮನ್ಸೂರರು ಖ್ಯಾಲದ ಶಿಸ್ತನ್ನು ಬಿಡದೆಯೇ ವಾಕ್ಯದ ಅನ್ವಯವನ್ನು ಉಳಿಸಿಕೊಂಡರು. ಅವರ ಅಕ್ಕನ ವಚನಗಳಲ್ಲಿ ಹಾಡಿಗಿಂತ ಮೊದಲು ಮಾತು ಕೇಳಿಸುವದು. ಈ ಕಾರ್ಯವು ಹೆಚ್ಚು ಕಠಿಣವಾದುದೆಂದು ಒಪ್ಪಲೇಬೇಕು. ವಚನ ಹುಟ್ಟಿದ ನಾಡಿನವರು ಅಭಿಮಾನ ಪಡಬೇಕಾದದ್ದು ಈ ಕಲಾಸಿದ್ಧಿಗಾಗಿ. ಗಾಯಕರ ಕುಲಗೋತ್ರಗಳಿಗಾಗಿ ಅಲ್ಲ.

ಪಕ್ಷಪಾತಿಗಳು ಎಣಿಸುವ ಬಿರುದು ಬಾವಲಿಗಳಿಂದ ನಿರ್ಣಯವು ದೊರೆಯುವಂತಿಲ್ಲ. ಮನ್ಸೂರರಿಗೆ 1992ರಲ್ಲಿ ಪದ್ಮವಿಭೂಷಣವೂ, ಜೋಶಿಯವರಿಗೆ 1999ರಲ್ಲಿ ಅದೇ ಪದವಿಯೂ 2008ರಲ್ಲಿ ಭಾರತರತ್ನವೂ ಸಂದವು. ಒಬ್ಬರು ತೀರಿಕೊಂಡ ಮೇಲೆ ಇನ್ನೊಬ್ಬರು ಹದಿನೆಂಟು ವರ್ಷ ಬಾಳಿದರು. ಬಿರುದುಗಳ ಲೆಕ್ಕವನ್ನು ನೋಡುವಾಗ ಇಷ್ಟನ್ನಾದರೂ ನೆನೆಯಬೇಕು. ಜನಪ್ರಿಯತೆಯು ಗುಣಕ್ಕೆ ಸಾಕ್ಷಿಯಲ್ಲವೆಂಬುದು ಎಷ್ಟು ನಿಜವೋ, ಅದು ದೋಷಕ್ಕೆ ಸಾಕ್ಷಿಯಲ್ಲವೆಂಬುದೂ ಅಷ್ಟೇ ನಿಜವು.

ಹಾಗಾದರೆ ನಿರ್ಣಯವೇನು? ಇಬ್ಬರೂ ದೊಡ್ಡವರೆಂದು ಕೈಮುಗಿದು ಸುಮ್ಮನಾಗುವದು ಔದಾರ್ಯವೆನಿಸೀತು, ವಿಮರ್ಶೆಯೆನಿಸದು. ರಾಗಗಳ ವೈವಿಧ್ಯ, ಲಯದ ಸೂಕ್ಷ್ಮತೆ, ಕ್ಷಣಕ್ಷಣಕ್ಕೆ ಹೊಸ ಸಂಬಂಧವನ್ನು ಕಾಣುವ ಬುದ್ಧಿ — ಇವುಗಳಲ್ಲಿ ಮನ್ಸೂರರ ಕಡೆಯ ತಟ್ಟೆಯೇ ತೂಗುವದು. ಜೋಶಿಯವರು ಶುದ್ಧ ಕಲ್ಯಾಣ, ತೋಡಿ, ಪೂರಿಯಾ ಧನಾಶ್ರೀ ಮುಂತಾದ ಕೆಲವೇ ರಾಗಗಳಿಗೆ ಮತ್ತೆ ಮತ್ತೆ ಮರಳಿದರೆಂಬ ಆಕ್ಷೇಪವು ನಿರಾಧಾರವಲ್ಲ. ಅವರ ತಾನುಗಳ ರಭಸವು ಒಮ್ಮೊಮ್ಮೆ ರಾಗಕ್ಕಿಂತ ಮುಂದೆ ಹೋಗುವದೂ ಉಂಟು. ಆದರೆ ಕಂಠಸಂಪತ್ತು, ಒಂದು ಸ್ವರವನ್ನೇ ಪೂರ್ಣ ಅನುಭವವಾಗಿ ಮಾಡುವ ಶಕ್ತಿ, ಶಾಸ್ತ್ರವರಿಯದವನನ್ನೂ ರಾಗದೊಳಗೆ ಕರೆದು ಕೂಡಿಸಿಕೊಳ್ಳುವ ಸಾಮರ್ಥ್ಯ — ಇವುಗಳಲ್ಲಿ ಜೋಶಿಯವರಿಗೆ ಸಮಾನರಿಲ್ಲ. ಸಿದ್ಧವಾದ ಕಿವಿಯಿಲ್ಲದವನಿಗೆ ಮನ್ಸೂರರ ಅನವಟ ರಾಗವು ಹಿಡಿಯುವದರೊಳಗೆ ಜಾರಿಹೋಗುವದು. ಅಂತಹ ಕಿವಿಯನ್ನು ಸಿದ್ಧಗೊಳಿಸುವವರು ಜೋಶಿಯವರೇ. ಅದಲ್ಲದೆ ಜೋಶಿಯವರು ಸ್ವತಃ ಅಲ್ಲಾದಿಯಾ ಖಾನರ ಶಿಷ್ಯೆ ಕೇಸರಬಾಯಿ ಕೇರಕರರ ಗಾಯನದಿಂದ ಪ್ರಭಾವಿತರಾದವರು. ಗಾಯಕರು ದಾಟಿದ ಗೆರೆಯನ್ನು ಕೇಳುಗರು ಕಾಯುತ್ತ ಕೂಡ್ರುವದು ವಿಚಿತ್ರವು.

ಕಲ್ಯಾಣವು ಸಂಗೀತ ವಿಚಾರಕ್ಕೆ ಹಳೆಯ ನೆಲೆ. ಇಲ್ಲಿಂದ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ತನ್ನ ಮಾನಸೋಲ್ಲಾಸದಲ್ಲಿ ಗೀತ ವಾದ್ಯಗಳನ್ನು ವಿಸ್ತಾರವಾಗಿ ವಿವೇಚಿಸಿದನು. ಅವನ ಮಗ ಜಗದೇಕಮಲ್ಲನ ಹೆಸರಿನಲ್ಲಿ ಸಂಗೀತಚೂಡಾಮಣಿ ಇದೆ. ಹತ್ತಿರದ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳು ಸಕಲಮತ ಸಂಪ್ರದಾಯವನ್ನು ಸಾರಿದರು. ಅವರ ಹುಮನಾಬಾದದ ಸಂಸ್ಥಾನದಲ್ಲಿ ದತ್ತಜಯಂತಿಯ ಉತ್ಸವಕ್ಕೆ ಗವಾಯಿಗಳ ದರಬಾರು ಸೇರುವ ವಾಡಿಕೆಯಿದೆ. ಇಂತಹ ಸೀಮೆಯ ರಸಿಕರು ಮನ್ಸೂರ–ಜೋಶಿಯವರ ತಾರತಮ್ಯವನ್ನು ಧಾರಾಳವಾಗಿ ವಾದಿಸಲಿ. ಆದರೆ ಮಾಲಕಂಸದೆದುರು ಸಂಪೂರ್ಣ ಮಾಲಕಂಸವನ್ನೂ, ಅಭಂಗದೆದುರು ವಚನವನ್ನೂ ಇಟ್ಟು ಎರಡನ್ನೂ ಕೇಳಿದ ಮೇಲೆ ವಾದಿಸಲಿ. ಎದುರು ಪಕ್ಷದ ಗವಾಯಿಯನ್ನು ಮನಸ್ಸಿಟ್ಟು ಕೇಳಿದವನಿಗೇ ತನ್ನ ಪಕ್ಷದ ಗವಾಯಿಯನ್ನು ಹೊಗಳುವ ಅಧಿಕಾರವು.